ಹನ್ನೆರಡು ದಿನಗಳ ಹಾಜರಿ

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಖಾರ ಮೇಡಂ ಅನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಇತಿಹಾಸ ಕಲಿಸುವ ನರ್ಮದಾ ಎಂಬ ಹೆಸರು ಉಳಿದಿರುವುದು ಸರಕಾರಿ ಕಾಗದಗಳಲ್ಲಿ ಮಾತ್ರ. ಇಪ್ಪತ್ತಾರು ವರ್ಷ ಬೈದುಕೊಂಡೇ ಕಲಿಸಿದ್ದೇನೆ. ಬೈಸಿಕೊಂಡವರೇ ಮುಂದೆ ಲಗ್ನಪತ್ರಿಕೆ ಹಿಡಿದು ಮನೆಗೆ ಬರುತ್ತಾರೆ, ಹಾಗಾಗಿ ನನ್ನ ಬಾಯಿಂದ ಯಾರಿಗೂ ಕೆಡುಕಾಗಿಲ್ಲ ಎಂದು ಧೈರ್ಯವಾಗಿದ್ದೆ. ಕೆಡುಕಾದದ್ದು ಬೈಗುಳದಿಂದಲ್ಲ, ಕರುಣೆಯಿಂದ. ಆ ಕರುಣೆ ನನ್ನದು, ಅದರಿಂದ ಹಾಳಾದದ್ದು ಜಗದೇವನ ಬದುಕು.

ನಮ್ಮದು ಸರಕಾರಿ ಸಮುದಾಯ ಕಾಲೇಜು. ಅಫಜಲಪುರ ತಾಲೂಕಿನ ಅಂಚಿನಲ್ಲಿ, ಭೀಮೆಯ ಸೇತುವೆ ದಾಟಿದ ಮೇಲೆ, ತೊಗರಿ ಹೊಲಗಳ ನಡುವೆ ಐದು ಕೋಣೆ, ಒಂದು ಹಾಲ್. ಆಳಂದ, ಜೇವರ್ಗಿ, ಯಡ್ರಾಮಿ ಕಡೆಯಿಂದ ಎರಡೆರಡು ಬಸ್ಸು ಬದಲಿಸಿ ಬರುವ ನೂರಾ ನಲವತ್ತು ಮಕ್ಕಳು. ಅವರ ಜೊತೆಗೆ ಹದಿನೆಂಟೋ ಇಪ್ಪತ್ತೋ ಫೌಜಿಗಳು. ಪಿಯುಸಿ ಮುಗಿಸಿ ಸೈನ್ಯ ಸೇರಿದ ನಮ್ಮ ಕಡೆಯ ಹುಡುಗರು ನೌಕರಿಯಲ್ಲಿದ್ದುಕೊಂಡೇ ಬಿ.ಎ. ಮಾಡಲಿ ಎಂದು ಅವರಿಗಾಗಿಯೇ ಇಟ್ಟ ಸೀಟುಗಳವು. ಫೌಜಿ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ನಲವತ್ತೈದು ದಿನ ನಮ್ಮೆದುರು ಕೂರಬೇಕು. ಉಳಿದ ಓದು ಅವನ ಟೆಂಟಿನಲ್ಲಿ. ನಲವತ್ತೈದಕ್ಕೆ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಸೈನ್ಯದ ರಜೆಯನ್ನು ನಂಬಿಕೊಂಡು ನಮ್ಮ ಕಡೆ ಯಾರೂ ಲಗ್ನದ ದಿನ ಕೂಡ ಗೊತ್ತು ಮಾಡುವುದಿಲ್ಲ. ನಡುವೆಯೇ ಕರೆ ಬರುತ್ತದೆ, ಹುಡುಗ ಟ್ರಂಕು ಎತ್ತಿಕೊಂಡು ಹೊರಡುತ್ತಾನೆ. ಏಳು ವರ್ಷದ ಹಿಂದೆ ಯಡ್ರಾಮಿಯ ಸರ್ದಾರ ಎಂಬ ಫೌಜಿಗೆ ಹೀಗೆ ನಾಲ್ಕು ದಿನ ಬಾಕಿ ಇರುವಾಗ ಕರೆ ಬಂತು. ಬೆಳಗಿನ ಮೊದಲ ತಾಸು ನಮ್ಮಲ್ಲಿ ಮೂರೂ ವರ್ಷದವರು ಹಾಲಿನಲ್ಲಿ ಒಟ್ಟಿಗೆ ಕೂರುತ್ತಾರೆ, ಹಾಜರಿ ಕೂಗುವವಳು ನಾನು. ಮರುದಿನ ಸರ್ದಾರನ ಹೆಸರು ಕೂಗಿದಾಗ ಹಿಂದಿನಿಂದ ಯಾರೋ "ಹಾಜರ್ರಿ" ಅಂದರು. ನಾನು ತಲೆಯೆತ್ತಿ ನೋಡಲಿಲ್ಲ, ಹಾಜರಿ ಹಾಕಿದೆ. ಹಬ್ಬದ ದಿನ ಊರಲ್ಲಿಲ್ಲದವನ ಪಾಲಿನ ಹೋಳಿಗೆ ತೆಗೆದಿಡುವುದಿಲ್ಲವೇ, ಇದೂ ಹಾಗೆಯೇ ಅಂದುಕೊಂಡೆ. ಸರ್ದಾರ ಪಾಸಾದ. ಯಾರೂ ಏನೂ ಕೇಳಲಿಲ್ಲ. ಅಲ್ಲಿಂದ ಮುಂದೆ ಅದು ನಮ್ಮ ಕಾಲೇಜಿನ ಪದ್ಧತಿಯೇ ಆಗಿಹೋಯಿತು. ಫೌಜಿ ಹೋದರೆ ಬೆಂಚು ಉತ್ತರ ಕೊಡುತ್ತದೆ ಎಂದು ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಿಂಬರ್ಗಾದ ಜಗದೇವ ನಮ್ಮಲ್ಲಿ ಸೇರಿದ್ದು ಮೂರು ವರ್ಷದ ಹಿಂದೆ. ತಂದೆ ಇಲ್ಲ. ತಾಯಿ ಚಂದಮ್ಮ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ತಾನು ಸೇರಿದ ಮರುವರ್ಷ ತಂಗಿ ಸಂಘಮಿತ್ರಾಳನ್ನೂ ಇಲ್ಲಿಗೇ ತಂದು ಸೇರಿಸಿದ. ಮೊದಲ ದಿನವೇ ಅವನನ್ನು ಕೇಳಿದ್ದೆ, ಕೈಯಲ್ಲಿ ನೌಕರಿ ಇರುವಾಗ ಈ ಬಿ.ಎ. ಯಾಕೆ ಬೇಕಪ್ಪ ನಿನಗೆ ಎಂದು.

"ನನಗ ಮಾಸ್ತರ್ ಆಗೋದದ ಮೇಡಮ್ರಿ," ಅಂದಿದ್ದ. "ನಮ್ಮ ಫೌಜಿನ್ಯಾಗ ಜವಾನರಿಗಿ ಓದು ಕಲ್ಸೋ ಹುದ್ದೆ ಅದ. ಡಿಗ್ರಿ ಬೇಕು, ಇಪ್ಪತ್ತೆಂಟು ತುಂಬೂದ್ರೊಳಗ ಆಗ್ಬೇಕು. ಅದು ದಾಟಿದ್ರ ಬಂದೂಕಿನ ಕೂಡೇ ಮುಪ್ಪಾಗೋದು."

"ಬಂದೂಕು ಬ್ಯಾಸರ ಬಂತೇನೋ?"

"ಬ್ಯಾಸರಲ್ರಿ. ನಮ್ಮ ಮನಿತನದಾಗ ಇನ್ನಾ ಯಾರೂ ಬಳಪಾ ಹಿಡದು ನಿಂತಿಲ್ರಿ."

ಅವನಿಗೆ ಆ ಕೈಗುಣ ಇತ್ತು. ಊಟದ ಬಿಡುವಿನಲ್ಲಿ ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದ. ನನ್ನ ಪಾಠದಲ್ಲಿ ಆಕಳಿಸುವ ಮಹಾರಾಯರೆಲ್ಲ ಅಲ್ಲಿ ರೊಟ್ಟಿ ಡಬ್ಬಿ ಪಕ್ಕಕ್ಕಿಟ್ಟು ಕೇಳುತ್ತಿದ್ದರು. ಒಂದು ದಿನ ನಾನೂ ಹಿಂದೆ ನಿಂತು ಕೇಳಿದೆ. ಯಾರಿಗೂ ತಿಳಿಯಲಿಲ್ಲವೆಂದು ಅವನು ಗದರಲಿಲ್ಲ, ತಾನೇ ಸರಿಯಾಗಿ ಹೇಳಲಿಲ್ಲ ಎಂಬಂತೆ ಮತ್ತೆ ಮೊದಲಿಂದ ಶುರು ಮಾಡಿದ. ನನಗೆ ಇಪ್ಪತ್ತಾರು ವರ್ಷದಲ್ಲಿ ಬಾರದ ತಾಳ್ಮೆ ಅದು. "ನನ್ನ ಅನ್ನಕ್ಕ ಕಲ್ಲು ಹಾಕ್ಬ್ಯಾಡಪ್ಪ" ಎಂದು ಛೇಡಿಸಿ ಬಂದೆ. ಒಳಗೆ ಮಾತ್ರ ಹೆಮ್ಮೆಯಾಗಿತ್ತು. ನನಗೆ ಮಕ್ಕಳಿಲ್ಲ. ಅವನು ನನ್ನ ಮಗನಾಗಿದ್ದರೆ ಎಂದು ಅನ್ನಿಸಿದ್ದನ್ನು ಈಗ ಮುಚ್ಚಿಟ್ಟು ಏನು ಮಾಡಲಿ?

ಕೊನೆಯ ವರ್ಷ, ಈ ಜನವರಿಯಲ್ಲಿ, ಅವನು ರಜೆ ಹಾಕಿ ಬಂದ. ಮೂವತ್ತಮೂರು ದಿನ ಕೂತ. ಮೂವತ್ತನಾಲ್ಕನೆಯ ದಿನ ಬೆಳಗ್ಗೆ ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ಫೋನು ಬಂತು.

"ಮೇಡಮ್ರಿ, ವಾಪಸ್ ಕರದಾರ್ರಿ. ಗಾಡಿ ಬರಾಕತ್ತದ. ಹನ್ನೆರಡು ದಿನ ಕಡಿಮಿ ಬೀಳ್ತಾವ್ರಿ."

"ಬಿದ್ರ ಬೀಳ್ಲಿ. ನೀ ಜ್ವಾಕಿಯಿಂದ ಹೋಗು."

"ರಿಯಾಯಿತಿ ಅರ್ಜಿ ಕಳಸ್ತೇನ್ರಿ. ಡ್ಯೂಟಿಗಿ ಕರದಾರಂತ ಸಾಹೇಬರ ಪತ್ರ ಕೊಡ್ತಾರ. ಯುನಿವರ್ಸಿಟಿಗಿ ಹಚ್ಚಿದ್ರ ಹದಿನೈದು ದಿನದ ಮಟಾ ಮಾಫಿ ಅದಂತ್ರಿ."

ಆ ದಾರಿ ಇತ್ತು. ನಿಯಮದ ಪುಸ್ತಕದಲ್ಲೇ ಇತ್ತು. ಆದರೆ ಆ ಅರ್ಜಿ ಮೂರು ಮೇಜು ದಾಟಿ ಬರುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ ಎಂಬುದು ನನ್ನ ಜಾಣತನ.

"ಆ ಅರ್ಜಿ ಹೋಗಿ ಬರೋದ್ರಾಗ ನಿನ್ನ ಮಗ ಬಿ.ಎ. ಮುಗಸ್ತಾನ. ಏನೂ ಕಳಿಸ್ಬ್ಯಾಡ. ಹಾಜರಿ ನಾ ನೋಡ್ಕೊಂತೀನಿ."

"ಖರೇನ ನಡೀತದೇನ್ರಿ?"

"ಏ, ನಾ ಹೇಳಾಕತ್ತೀನಲ್ಲ!"

ಗದರಿದೆ. ಅವನು ಸುಮ್ಮನಾದ. ಖಾರ ಮೇಡಂ ಗದರಿದರೆ ಯಾರಾದರೂ ಸುಮ್ಮನಾಗಲೇಬೇಕು. ಅವತ್ತಿನಿಂದಲೇ ಹನ್ನೆರಡು ದಿನ ನಾನು "ಜಗದೇವ" ಎಂದು ಕೂಗಿದೆ, ಸಂಘಮಿತ್ರಾ ಎದ್ದು ನಿಂತು "ಹಾಜರ್ರಿ" ಅಂದಳು. ತಂಗಿಯೇ ಹೇಳಲಿ ಎಂದು ಹುಡುಗಿಯರು ಅವಳಿಗೆ ಬಿಟ್ಟುಕೊಟ್ಟಿದ್ದರು. ಅವಳ ದನಿಯಲ್ಲಿ ಎಷ್ಟು ಸಂಭ್ರಮವಿತ್ತೆಂದರೆ, ಅಣ್ಣ ನಿಜವಾಗಿಯೂ ಪಕ್ಕದಲ್ಲಿ ಕೂತಿದ್ದಾನೆ ಅನ್ನಬೇಕು.

ಜಗದೇವ ಪರೀಕ್ಷೆಗೆ ಬಂದು ಬರೆದು ಹೋದ. ಫಸ್ಟ್ ಕ್ಲಾಸು. ಮಾಸ್ತರಿಕೆಯ ಹುದ್ದೆಗೆ ಅರ್ಜಿ ಹಾಕಿದ. ಮೇ ತಿಂಗಳ ಕೊನೆಗೆ ಅಲ್ಲಿಯ ಆಯ್ಕೆ ಕಚೇರಿಯಿಂದ ನಮ್ಮ ಕಾಲೇಜಿಗೆ ಒಂದು ಪತ್ರ ಬಂತು. ಗುಮಾಸ್ತ ಜಹೀರುದ್ದೀನ ಅದನ್ನು ಹಿಡಿದುಕೊಂಡು ನನ್ನ ಮನೆಗೇ ಬಂದ. ಒಳಗೆ ಕರೆದರೂ ಬಾಗಿಲಲ್ಲೇ ನಿಂತ.

"ಮೇಡಮ್, ನೀವೇ ಓದ್ರಿ. ಜಗದೇವನ ಹಾಜರಿ ಕೇಳ್ಯಾರ."

ಪತ್ರದಲ್ಲಿ ಬೈಗುಳವಿರಲಿಲ್ಲ, ಕೋಪವೂ ಇರಲಿಲ್ಲ. ನೀವು ಕೊಟ್ಟ ಹಾಜರಿ ಪ್ರಮಾಣಪತ್ರದ ಪ್ರಕಾರ ಈ ಅಭ್ಯರ್ಥಿ ಕೆಳಗಿನ ಹನ್ನೆರಡು ದಿನ ನಿಮ್ಮ ತರಗತಿಯಲ್ಲಿದ್ದಾನೆ. ಪಲ್ಟನ್ನಿನ ದಾಖಲೆಯ ಪ್ರಕಾರ ಅದೇ ಹನ್ನೆರಡು ದಿನ ರಜೆ ರದ್ದಾಗಿ ಡ್ಯೂಟಿಯ ಮೇಲಿದ್ದಾನೆ. ಯಾವುದು ಸರಿ? ಹತ್ತು ದಿನದೊಳಗೆ ತಿಳಿಸಿ. ಇಷ್ಟೇ. ಏಳು ವರ್ಷದಲ್ಲಿ ನಮ್ಮ ಯಾವ ಫೌಜಿಯೂ ಸೈನ್ಯದೊಳಗಿನ ಹುದ್ದೆಗೆ ಈ ಪ್ರಮಾಣಪತ್ರ ಹಚ್ಚಿರಲಿಲ್ಲ. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಇರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಇತಿಹಾಸ ಕಲಿಸುವವಳು ನಾನು! ಎರಡು ದಾಖಲೆ ಹೋಲಿಸಿ ನೋಡಿ ಎಂದು ದಿನಾ ಮಕ್ಕಳ ತಲೆ ತಿನ್ನುವವಳು.

ಪ್ರಿನ್ಸಿಪಾಲ್ ವ್ಯಂಕಟೇಶ ಸರ್ ಕೆಟ್ಟವರಲ್ಲ, ಹೆದರಿದವರು. ಪತ್ರ ಓದಿ ಕನ್ನಡಕ ತೆಗೆದಿಟ್ಟರು.

"ಮೇಡಮ್, ಒಂದು ಎಳಿ ಜಗ್ಗಿದ್ರ ಇಡೀ ಸೀರಿ ಬಿಚ್ಚತದ. ಏಳು ವರ್ಷದ ಸರ್ಟಿಫಿಕೇಟ್ ಎಲ್ಲಾ ತಗಸ್ತಾರ. ಈಗ ಓದಾಕತ್ತಿರೋ ಹದಿನೆಂಟು ಫೌಜಿಗಳ ಸೀಟ್ ಬಂದ್ ಮಾಡ್ತಾರ. ನಿಮ್ಮ ನೌಕರಿ, ನನ್ನ ನೌಕರಿ ಬ್ಯಾರೇ ಮಾತು."

"ಹಂಗಾದ್ರ ಏನ್ ಬರ್ಯೋದ್ರಿ ಸರ್?"

"ಹುಡುಗ ಯಾರಿಗೋ ಹೇಳಿ ಹಾಜರಿ ಕೂಗಿಸ್ಯಾನ, ನಮಗ ಗೊತ್ತಾಗಿಲ್ಲ ಅಂತ ಬರೀಬೇಕು."

"ಗೊತ್ತಾಗಿಲ್ಲೇನ್ರಿ? ಹೆಣ್ಣುಮಗಳ ದನಿಯೊಳಗ ಜಗದೇವ ಹಾಜರ್ ಅಂದ್ರ ನನಗ ಗೊತ್ತಾಗಿಲ್ಲೇನ್ರಿ? ನಾ ಏನ್ ಕಿವುಡಿ ಇದ್ದೀನಾ?"

ಅವರು ಕನ್ನಡಕ ಹಾಕಿಕೊಂಡು ಬಿಳಿ ಹಾಳೆ ಎಳೆದುಕೊಂಡರು. ನಾನು ಕೋಪದಿಂದ ಎದ್ದು ಬಂದು ಸ್ಟಾಫ್ ರೂಮಿನಲ್ಲಿ ಕೂತು ಎರಡು ಹಾಳೆ ನಿಜ ಬರೆದೆ. ಅವನು ಅರ್ಜಿ ಕಳಿಸುತ್ತೇನೆಂದದ್ದು, ನಾನು ಬೇಡವೆಂದದ್ದು, ಈ ಪದ್ಧತಿ ಶುರು ಮಾಡಿದವಳೇ ನಾನು ಎಂಬುದು, ಎಲ್ಲ. ಸಹಿ ಹಾಕಿದೆ. ಲಕೋಟೆಗೆ ಹಾಕುವ ಮೊದಲು ಜಗದೇವನಿಗೆ ಫೋನು ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಆ ಕಾಗದ ಹಾಕ್ಬ್ಯಾಡ್ರಿ ಮೇಡಮ್ರಿ."

"ಯಾಕೋ?"

"ನಾ ನಿನ್ನೇನೇ ಇಲ್ಲಿ ಬರದು ಕೊಟ್ಟೀನ್ರಿ. ನಾನೇ ಹೇಳಿ ಹಾಜರಿ ಹಾಕ್ಸೀನಿ, ಕಾಲೇಜಿನವ್ರಿಗಿ ಗೊತ್ತಿಲ್ಲಂತ. ಯಾರ ಕೈಲಿ ಹೇಳ್ಸೀನಂತ ಬಾಯಿ ಬಿಟ್ಟಿಲ್ಲ."

"ಹುಚ್ಚ ಇದ್ದಿಯೇನೋ! ನೀ ಅರ್ಜಿ ಕೊಡ್ತೀನಂದಾಂವ. ಬ್ಯಾಡಂದಾಕಿ ನಾನು."

"ಅದು ನಿಮಗ ಗೊತ್ತದ, ನನಗ ಗೊತ್ತದ. ಸಾಕ್ರಿ. ಹದಿನೆಂಟು ಮಂದಿ ಅದಾರ್ರಿ. ನನ್ನ ಹುದ್ದೆ ಅಂತೂ ಹೋತು, ಅವ್ರ ಓದು ಯಾಕ ಹೋಗ್ಬೇಕು? ಮತ್ತ ನೀವು ಖರೇ ಬರದ್ರ ಮೊದ್ಲಿಗಿ ಸಂಘಮಿತ್ರಾನ ಹೆಸರು ಬರ್ತದ. ಆಕಿಯರೆ ಡಿಗ್ರಿ ಮಾಡ್ಲಿ ಬಿಡ್ರಿ. ಅವ್ವಗೂ ಏನೂ ಹೇಳಿಲ್ಲ. ಖರೇ ಗೊತ್ತಾದ್ರ ಆಕಿ ಸಂಘಮಿತ್ರಾನ ಕಾಲೇಜೇ ಬಿಡಸ್ತಾಳ."

ನಾನು ಆ ಪತ್ರ ಕಳಿಸಲಿಲ್ಲ. ಅವನು ಬೇಡವೆಂದ, ಅದಕ್ಕೇ ಕಳಿಸಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಅರ್ಧ ಮಾತು. ಅವನು ಬೇಡ ಅಂದ ಕೂಡಲೇ ನನ್ನ ಎದೆ ಹಗುರವಾಯಿತು, ಅದು ಉಳಿದರ್ಧ. ನಿವೃತ್ತಿಗೆ ನಾಲ್ಕು ವರ್ಷ ಇರುವವಳು, ಗಾಣಗಾಪುರದಲ್ಲಿ ನಾಲ್ಕು ಜನ ಕೈಯೆತ್ತಿ ನಮಸ್ಕಾರ ಮಾಡುವ ಮನೆಯವಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣಲು ಕೂತವನು ಅವನು. ನಾನು ಎಲೆ ಹಾಕಿ ಬಡಿಸಿದೆ. ವ್ಯಂಕಟೇಶ ಸರ್ ಬರೆದ ಉತ್ತರಕ್ಕೆ ಹಾಜರಿ ಶಿಕ್ಷಕಿ ಎಂದು ಕೆಳಗೆ ಸಹಿ ಮಾಡಿದೆ.

ಜೂನಿನಲ್ಲಿ ಕಾಲೇಜು ಶುರುವಾಯಿತು. ಸಂಘಮಿತ್ರಾ ಕೊನೆಯ ವರ್ಷಕ್ಕೆ ಬಂದಿದ್ದಳು. ಮೊದಲ ವಾರ ನನ್ನ ಮುಖ ನೋಡಲಿಲ್ಲ. ಒಂದು ದಿನ ಎಲ್ಲರೂ ಹೋದ ಮೇಲೆ ಹಾಲಿನಲ್ಲಿ ನಿಂತುಕೊಂಡಳು.

"ನೀವು ಖರೇ ಬರೀತೀರಂತ ಹತ್ತೂ ದಿನ ಕಾದೇನ್ರಿ ಮೇಡಮ್."

"ನಿಮ್ಮಣ್ಣನೇ ಬ್ಯಾಡಂದ, ಸಂಘಮಿತ್ರಾ."

"ನಮ್ಮಣ್ಣ ಅಂತಾನ್ರಿ. ಅಂವ ಯಾವಾಗೂ ಹಂಗೇ ಅಂತಾನ." ದನಿ ಏರಿಸಲಿಲ್ಲ. "ನೀವು ಅವನ ಮಾತು ಕೇಳಬಾರ್ದಿತ್ತು."

ಇಪ್ಪತ್ತೊಂದು ವರ್ಷದ ಹುಡುಗಿ. ನನ್ನ ಬಾಯಿಗೆ ಇಡೀ ಕಾಲೇಜು ಹೆದರುತ್ತದೆ, ಅವಳು ಮಾತ್ರ ಹೆದರಲಿಲ್ಲ.

ಜುಲೈ ಮೊದಲ ವಾರ ಆದೇಶ ಬಂತು. ಆಯ್ಕೆ ರದ್ದು. ಪದವಿ ರದ್ದು. ಹೆಸರು ತೆಗೆದು ಟಿ.ಸಿ. ಕೊಟ್ಟು ಕಳಿಸುವುದು. ಮತ್ತೆ ಮೊದಲಿಂದ ಓದಬೇಕೆಂದರೆ ಮೂರು ವರ್ಷ, ಅವನಿಗೆ ಇಪ್ಪತ್ತೆಂಟು ತುಂಬಲು ಉಳಿದದ್ದು ಏಳು ವಾರ. ಪಲ್ಟನ್ನಿನಲ್ಲೂ ಏನೋ ಶಿಕ್ಷೆಯಾಯಿತಂತೆ. ಏನೆಂದು ಅವನು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಟಿ.ಸಿ. ಒಯ್ಯಲು ಜಗದೇವ ತಾಯಿಯ ಜೊತೆ ಬಂದ. ನಮ್ಮಲ್ಲಿ ಟಿ.ಸಿ.ಯ ನಡತೆಯ ಕಾಲಂ ತುಂಬುವುದು ಹಾಜರಿ ತೆಗೆದುಕೊಳ್ಳುವ ಶಿಕ್ಷಕರೇ. ಜಹೀರುದ್ದೀನ ಬಾಕಿಯದೆಲ್ಲ ಬರೆದು ಆ ಒಂದು ಗೆರೆ ಖಾಲಿ ಬಿಟ್ಟು ತಂದು ನನ್ನೆದುರು ಇಟ್ಟ.

"ಆರ್ಡರಿನ್ಯಾಗ 'ತೃಪ್ತಿಕರವಾಗಿಲ್ಲ' ಅಂತ ಬರೀರಿ ಅಂದಾರ್ರಿ ಮೇಡಮ್," ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ.

ಆ ಪದ ಬಿದ್ದರೆ ಜಗದೇವ ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೂ ಯಾವ ಊರಿನ ಯಾವ ಶಾಲೆಯಲ್ಲೂ ಬಳಪ ಹಿಡಿಯುವಂತಿಲ್ಲ. ಪೆನ್ನು ಹಿಡಿದು ಕೂತೆ. ಅಷ್ಟರಲ್ಲಿ ಚಂದಮ್ಮ ಮೇಜಿನ ಹತ್ತಿರ ಬಂದರು. ಬಿಸಿಲಿಗೆ ಕಪ್ಪಿಟ್ಟ ಮುಖ, ಒಗೆದು ಮಡಿಸಿಟ್ಟ ಒಳ್ಳೆಯ ಸೀರೆ. ಮಗನ ಕಾಲೇಜಿಗೆ ಅವರು ಬಂದದ್ದು ಅದೇ ಮೊದಲು.

"ಜೈಭೀಮ್ ಅಕ್ಕೋರ," ಎಂದು ಕೈ ಮುಗಿದರು. "ನಮ್ಮ ಹುಡುಗ ನಿಮ್ಮ ಹೆಸರಿಗಿ ಮಸಿ ಬಳ್ದಾನ. ಅಂವ ಸುಳ್ಳು ಹೇಳೋ ಮಗ ಅಲ್ರಿ. ಸಣ್ಣಾಂವ ಇದ್ದಾಗ ಮಂದಿ ಹೊಲದಾಗಿನ ಒಂದು ಕಡ್ಲಿ ಗಿಡ ಕಿತ್ತಾಂವಲ್ಲ. ಹೆಂಗ ಬುದ್ಧಿಗೇಡಿ ಆದ್ನೋ ನನಗ ತಿಳೀವಲ್ದು. ನೀವು ಮಗನ್ಹಂಗ ನೋಡ್ಕೊಂಡೀರಂತ ಹೇಳ್ತಿದ್ದ. ಅಂಥವ್ರಿಗಿ ಮೋಸಾ ಮಾಡ್ಯಾನ. ಹಡದ ತಪ್ಪಿಗಿ ನಾ ಮಾಫಿ ಕೇಳ್ತೀನ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಬಗ್ಗಿ ನನ್ನ ಕಾಲು ಮುಟ್ಟಲು ಬಂದರು. ನಾನು ಎದ್ದು ಹಿಂದಕ್ಕೆ ಸರಿದು ಗೋಡೆಗೆ ಒತ್ತಿ ನಿಂತೆ. ಹೇಳಿಬಿಡಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದೆ. ಜಗದೇವ ತಾಯಿಯ ಭುಜ ಹಿಡಿದು ಎಬ್ಬಿಸಿದ. ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ.

"ಅವ್ವಾ, ನೀ ಬಸ್ಸಿನ ಕಡಿ ನಡಿ. ನಾ ಕಾಗದ ತಗೊಂಡು ಬರ್ತೇನಿ."

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ನಾನು ಅವರನ್ನು ಹಾಗೆಯೇ ಹೋಗಲು ಬಿಟ್ಟೆ. ನನ್ನ ಬದುಕಿನಲ್ಲಿ ಅದಕ್ಕಿಂತ ನೀಚ ಕೆಲಸ ನಾನು ಮಾಡಿಲ್ಲ.

"ಬರೀರಿ ಮೇಡಮ್ರಿ," ಅಂದ ಜಗದೇವ. "ಮೂರರ ಬಸ್ ಹೋದ್ರ ಮುಂದಿಂದು ಆರಕ್ಕದ."

ಬರೆದೆ. 'ತೃಪ್ತಿಕರವಾಗಿಲ್ಲ' ಎಂಬ ಅದೇ ಪದ. ಅವನು ಓದಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ನಾನು ಅಳುತ್ತಿದ್ದೆ. ಅವನೇ ಮಾತಾಡಿದ, ಊಟದ ಬಿಡುವಿನಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದ ಅದೇ ಸಮಾಧಾನದಲ್ಲಿ.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಒಂದೇ ಮಾತು ಕೇಳ್ಕೊಂತೀನಿ. ಸಂಘಮಿತ್ರಾ ಬರಲಾರ್ದ ದಿನ ಆಕಿಗಿ ಗೈರಹಾಜರಿನೇ ಹಾಕ್ರಿ. ಏನೇ ಆಗ್ಲಿ, ಕರುಣಾ ತೋರಿಸ್ಬ್ಯಾಡ್ರಿ. ದಯಮಾಡಿ."

ಹೂಂ ಅಂದೆ. ಅವನು ಹೋದ.

ಮರುದಿನ ಸಂಘಮಿತ್ರಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾಯಿ ನನ್ನ ಕಾಲಿಗೆ ಬಿದ್ದ ಸುದ್ದಿ ಅವಳಿಗೆ ಮುಟ್ಟಿತ್ತು. ಭಾನುವಾರ ತಡೆಯಲಾರದೆ ಬಸ್ಸು ಹತ್ತಿ ನಿಂಬರ್ಗಾಕ್ಕೆ ಹೋದೆ. ಅವಳು ತಾಯಿಯ ಜೊತೆ ಯಾರದೋ ತೊಗರಿ ಹೊಲದಲ್ಲಿ ಕಸ ಕೀಳುತ್ತಿದ್ದಳು. ನನ್ನನ್ನು ಕಂಡು ಒಬ್ಬಳೇ ಬದುವಿನ ತನಕ ಬಂದಳು, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗೆ ಹಾಗೆಯೇ ಇತ್ತು.

"ಕಾಲೇಜಿಗಿ ಬಾ. ನಿಮ್ಮಣ್ಣ ಇದೆಲ್ಲಾ ನಿನ್ನ ಸಲುವಾಗೇ ಮಾಡ್ಯಾನ," ಅಂದೆ.

"ಗೊತ್ತದ್ರಿ. ಬರಬೇಕಂತ ದಿನಾ ಮುಂಜಾನಿ ಚೀಲಾ ಹಾಕ್ಕೊಂತೀನಿ. ಆದ್ರ ನೀವು ಹಾಜರಿ ಕೂಗೋ ಹಾಲಿನ್ಯಾಗ ಕೂತು ನನಗ ಹಾಜರ್ ಅನ್ನಾಕ ಆಗಂಗಿಲ್ರಿ ಮೇಡಮ್. ದನೀನೇ ಹೊಂಡಂಗಿಲ್ಲ."

ಅವಳು ತಿರುಗಿ ತೊಗರಿ ಸಾಲಿಗೆ ಹೋದಳು. ಚಂದಮ್ಮ ದೂರದಿಂದ ನನಗೆ ಕೈ ಮುಗಿದರು.

ಈಗ ದಿನಾ ಬೆಳಗ್ಗೆ ಅವಳ ಹೆಸರು ಕೂಗುತ್ತೇನೆ. ಹಾಲಿನಲ್ಲಿ ಅವಳ ಬದಲಿಗೆ ಯಾರೂ "ಹಾಜರ್ರಿ" ಅನ್ನುವುದಿಲ್ಲ. ಜಗದೇವನಿಗೆ ಮಾತು ಕೊಟ್ಟಂತೆ ಗೈರುಹಾಜರಿ ಬರೆಯುತ್ತೇನೆ. ಇಂದಿಗೆ ಇಪ್ಪತ್ತಮೂರು ದಿನವಾಯಿತು. ಇನ್ನು ಹದಿನಾಲ್ಕು ದಿನ ಬಾರದಿದ್ದರೆ ನಿಯಮದ ಪ್ರಕಾರ 'ಸಂಘಮಿತ್ರಾ' ಎಂಬ ಹೆಸರನ್ನೂ ನಾನೇ ಹೊಡೆದು ಹಾಕಬೇಕು.